ಬೈಟು ರೇಡಿಯೋ

ಇಳಕಲ್ಲಿನ ಬಸ್‌ ನಿಲ್ದಾಣದ ಎದುರು ಬೈಟು ಚಹಾ ಹೇಳಿದರೆ ಒಂದು ಕಪ್ಪು ಎರಡು ಪಾಲಾಗಿ ಬರುತ್ತದೆ; ಎರಡೂ ಸಮ ಎಂಬುದನ್ನು, ವರದಿಗಾರನಾಗಿಯೂ, ನಾನು ಈವರೆಗೆ ದೃಢಪಡಿಸಿಕೊಂಡಿಲ್ಲ. ದೊಡ್ಡ ಪಾಲನ್ನು ಪವರ್‌ಲೂಮ್‌ ಮಗ್ಗ ನಡೆಸುವ ಗೆಳೆಯ ಮಹಾಂತೇಶ ಎತ್ತಿಕೊಳ್ಳುತ್ತಾನೆ. ಸಣ್ಣ ಪಾಲಿನಲ್ಲೂ ಕೊನೆಯ ಗುಟುಕು ಬಿಟ್ಟೇಳುವುದು ನನ್ನ ಚಾಳಿ. ‘ಅರ್ಧಾ ತಗೊಂಡು ಅದರಾಗೂ ಉಳಸ್ತೀರಲ್ರಿ, ಯಾರಿಗ್ರಿ ಅದು?’ ಎಂದು ಹೋಟೆಲಿನ ಈರಪ್ಪ ಕೇಳುತ್ತಿದ್ದ.

ಇದು ವೃತ್ತಿಯ ಕಾಯಿಲೆ. ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಸುದ್ದಿಯನ್ನು ಬಾಲದಿಂದ ಕತ್ತರಿಸುತ್ತಾರೆ. ಆದ್ದರಿಂದ ನಾವು ಬಾಲದಲ್ಲಿ ಮುಖ್ಯವಾದದ್ದನ್ನು ಇಡುವುದಿಲ್ಲ. ಹೀಗೆ ಬರೆದೂ ಬರೆದೂ, ಯಾವುದರ ಕೊನೆಯ ಪ್ಯಾರಾವನ್ನೂ ಓದದವನಾದೆ. ಲಗ್ನಪತ್ರಿಕೆಯ ಕೊನೆಯ ಸಾಲಿನಲ್ಲಿದ್ದ ಮಂಟಪದ ಹೆಸರು ಓದದೆ, ಅಪರಿಚಿತರ ಮದುವೆಯಲ್ಲಿ ತೃಪ್ತಿಯಾಗಿ ಉಂಡು ಬಂದದ್ದೂ ಉಂಟು.

ಊರಿಗೆಲ್ಲ ಮೊಬೈಲು ಬರತೊಡಗಿದ್ದ ಆ ದಿನಗಳಲ್ಲಿ ನಾನು ಅಂಚೆಯಲ್ಲಿ ರೇಡಿಯೋ ಕಿಟ್‌ ತರಿಸಿದೆ. ಮನೆಯಲ್ಲೇ ಕೂತು ರೇಡಿಯೋದಲ್ಲಿ ಪರಸ್ಪರ ಹರಟುವ ಹ್ಯಾಮ್‌ ಹವ್ಯಾಸಿಗಳ ಮಾತು ಕೇಳಿಸುವ ರಿಸೀವರು; ನಾವು ಕೇಳಬಹುದಷ್ಟೆ, ಉತ್ತರಿಸಲಾಗದು. ಬಿಡಿಭಾಗಗಳನ್ನು ನಾವೇ ಬೆಸೆದು, ಪ್ರತಿ ಹಂತವನ್ನೂ ಪರೀಕ್ಷಿಸಿ ಮುಂದೆ ಹೋಗಬೇಕು. ಮನೆಯ ಏಕೈಕ ಮೇಜು ಅದಕ್ಕೆ ಬಲಿಯಾಯಿತು. ನೆಲದ ಮೇಲೆ ಉಂಡೂ ಉಂಡೂ ಹೆಂಡತಿ ಶಾರದೆಯ ಸಹನೆ ಮುಗಿಯಿತು.

‘ಐತಾರ ನಮ್ಮಣ್ಣ ಗುಡೂರಿಂದ ಬರ್ತಾನ್ರೀ. ಅಷ್ಟರಾಗ ಅದು ಮಾತಾಡಿದ್ರ ಮಾತಾಡ್ತು; ಇಲ್ಲಾಂದ್ರ ಗುಜರಿಯವಗ ಕೊಟ್ಟ ಬಿಡ್ತೇನಿ.’

ಶನಿವಾರ ನಾನಿದ್ದದ್ದು ಆವರ್ತನವನ್ನು ಭಾಗಿಸುವ ಹಂತದಲ್ಲಿ. ಒಂದು ಕರಿಯ ಚಿಪ್‌, ತನಗೆ ಬಂದ ಕಂಪನವನ್ನು ಬೈಟು ಮಾಡಿ, ಆ ಅರ್ಧವನ್ನು ಮತ್ತೊಮ್ಮೆ ಬೈಟು ಮಾಡಿ ಕೊಡುತ್ತದೆ. ಐದು ವೋಲ್ಟು ಊಡಿಸಿ, ಅದು ಕಂಪನ ಹೊರಬಿಡುವ ಕಾಲಿಗೆ ಮೀಟರ್‌ ಹಿಡಿದೆ. ಎರಡೂವರೆ! ಅರ್ಧ ಹೇಳಿಕೆಯನ್ನು ಅಚ್ಚಿಗೆ ಕಳುಹಿಸುವವನು ನಾನಲ್ಲ. ಚಿಪ್‌ ಕಿತ್ತು ಮತ್ತೆ ಬೆಸೆದೆ. ಈಗ ಪೂರ್ತಿ ಐದು. ಮಹಾಂತೇಶನನ್ನು ಕರೆದು ಬೈಟು ಅಲ್ಲ, ಫುಲ್‌ ಚಹಾ ಕುಡಿಸಿದೆ.

ಭಾನುವಾರ ಬೆಳಿಗ್ಗೆ ಉಳಿದ ಹಂತಗಳೂ ಮುಗಿದವು. ರೇಡಿಯೋ ಮಾತಾಡಲಿಲ್ಲ, ಕೆಮ್ಮಲೂ ಇಲ್ಲ.

‘ಲೇ, ನಮ್ಮ ಮಗ್ಗ ಕೆಟ್ಟರೂ ಸಪ್ಪಳರೆ ಮಾಡ್ತದಲೇ!’ ಎಂದ ಮಹಾಂತೇಶ.

ಶಾರದೆ ಚೀಲ ತಂದು ಎಲ್ಲವನ್ನೂ ಬಳಿಯತೊಡಗಿದಳು. ಕಿಟ್ಟಿನ ಸೂಚನಾಪತ್ರ ಕೈಗೆ ಸಿಕ್ಕಾಗ ಕೊನೆಯ ಪ್ಯಾರಾದ ಮೇಲೆ ಕಣ್ಣಾಡಿಸಿ ನಿಂತಳು.

‘ರೀ, ಅರ್ಧಾ ವೋಲ್ಟೇಜ್‌ ಬಂದ್ರ ಚಿಪ್‌ ಕೆಲಸಾ ಮಾಡಾಕತ್ತೈತಿ, ಪೂರ್ತಿ ಬಂದ್ರ ನಿಂತೈತಿ ಅಂತ ಬರದಾರಲ್ರಿ ಇಲ್ಲೆ. ನೀವು ಓದಿಲ್ಲೇನು?’

ಸರಿಯಾಗಿ ದುಡಿಯುವ ಚಿಪ್‌ ಅರ್ಧ ಹೊತ್ತು ಐದು ವೋಲ್ಟು, ಅರ್ಧ ಹೊತ್ತು ಸೊನ್ನೆ ಕೊಡುತ್ತಿರುತ್ತದೆ. ಆ ವೇಗ ಹಿಡಿಯಲಾರದ ಮೀಟರ್‌ ಎರಡರ ನಡುವಿನದನ್ನು ಹೇಳುತ್ತದೆ. ಚೆನ್ನಾಗಿದ್ದದ್ದನ್ನು ಕಿತ್ತು, ಮತ್ತೆ ಕೂರಿಸುವಾಗ ಕಂಪನ ಒಳಬರುವ ಕಾಲನ್ನು ನಾನೇ ಬೆಸೆಯದೆ ಬಿಟ್ಟು, ಅದರ ಸಾವಿಗೆ ಸಂತೋಷಕೂಟ ನಡೆಸಿದ್ದೆ. ಚೀಲದಿಂದ ರೇಡಿಯೋ ಹೊರತೆಗೆದು ಆ ಕಾಲನ್ನು ಬೆಸೆದೆ. ಮೀಟರ್‌ ಎರಡೂವರೆ ತೋರಿಸಿತು. ಗುಂಡಿ ತಿರುಗಿಸಿದೆ. ಪಕ್ಕದ ಮಗ್ಗಗಳ ಚರಚರದ ನಡುವೆ ಯಾರೋ ಹಿರಿಯರು ಇನ್ಯಾರಿಗೋ ತಮ್ಮ ಮಂಡಿನೋವು ವಿವರಿಸುತ್ತಿದ್ದರು.

ಅಷ್ಟರಲ್ಲಿ ಒಳಬಂದ ಶಾರದೆಯ ಅಣ್ಣ ಚಪ್ಪಲಿ ಬಿಡುವುದನ್ನೂ ಮರೆತು ರೇಡಿಯೋದತ್ತ ಬಾಗಿ, ‘ಔಡಲೆಣ್ಣಿ ಬಿಸಿ ಮಾಡಿ ತಿಕ್ಕ್ರಿ ಯಜಮಾನ್ರ!’ ಎಂದು ಕೂಗಿದ. ಶಾರದೆ ನಕ್ಕಳು, ಆದರೆ ಮೇಜನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಮೇಜಿನ ನಡುವೆ ಸೀರೆಯ ಕೆಂಪು ದಾರವನ್ನು ಬಿಗಿದು ಕಟ್ಟಿ, ‘ಅರ್ಧಾ ನಿಮದು, ಅರ್ಧಾ ಊಟದ್ದು’ ಎಂದಳು.

ಈಗಲೂ ಈರಪ್ಪನಲ್ಲಿ ಬೈಟು ಹೇಳುತ್ತೇವೆ, ಮಹಾಂತೇಶ ದೊಡ್ಡ ಪಾಲನ್ನೇ ಎತ್ತಿಕೊಳ್ಳುತ್ತಾನೆ. ನಾನು ಮಾತ್ರ ನನ್ನದನ್ನು ತಳದವರೆಗೆ ಕುಡಿಯುತ್ತೇನೆ. ಈರಪ್ಪ ಸಕ್ಕರೆ ಕಲಕುವುದಿಲ್ಲ ಎಂಬ ಸುದ್ದಿ ಇಷ್ಟು ವರ್ಷ ನನ್ನ ಕೈತಪ್ಪಿತ್ತು.