ನಹ್ದಾದ ಬೇವಿನ ಸಾಲು ಮತ್ತು ಫಿಡೆಲಿಸ್ ಲೋಬೊ

ಬಲಗೈ ಭುಜದವರೆಗೂ ನೆಲದೊಳಗಿದೆ. ಕೆನ್ನೆ ಫುಟ್‌ಪಾತಿನ ಕಲ್ಲಿಗೆ ಒತ್ತಿಕೊಂಡಿದೆ. ಮೂಗಿನಿಂದ ಒಂದು ಗೇಣು ದೂರದಲ್ಲಿ ಮಲಗಿರುವ ಫೋನಿನ ಸ್ಪೀಕರ್ ಕೇಳುತ್ತದೆ: "ಈಗ ಬಿಡ್ಲಾ ಅಂಕಲ್?"

"ಬಿಡಿ."

ಏನೂ ಆಗುವುದಿಲ್ಲ. ಹಿಂದಿನ ರಸ್ತೆಯಲ್ಲಿ ಒಂದು ಬಸ್ಸು ಉಸಿರು ಬಿಟ್ಟು ನಿಲ್ಲುತ್ತದೆ, ಹೊರಡುತ್ತದೆ. ಆಮೇಲೆ ನೆಲದಡಿಯಲ್ಲಿ ಟಕ್ ಎಂದು ಒಂದು ಸಣ್ಣ ಸದ್ದು. ಪೈಪಿನ ಹೊಟ್ಟೆಯಲ್ಲಿ ಗುಡುಗುಡು. ಬೆರಳುಗಳ ಕೆಳಗೆ ರಬ್ಬರು ಬಿಗಿಯಾಗುತ್ತದೆ, ಹಿಡಿದ ಹಕ್ಕಿಯ ಹಾಗೆ ನಡುಗುತ್ತದೆ. ಮಲಗಿದಲ್ಲೇ ಫಿಡೆಲಿಸ್ ಲೋಬೊ ನಗುತ್ತಾರೆ.

"ಬಂತು ಮೇಡಂ. ಕೈಗೆ ತಾಗ್ತಾ ಉಂಟು."

ದುಬೈಯ ಅಲ್ ನಹ್ದಾದಲ್ಲಿ ಜುಲೈ ತಿಂಗಳ ಬೆಳಗು. ಸೂರ್ಯ ಇನ್ನೂ ಕಟ್ಟಡಗಳ ಹಿಂದೆಯೇ ಇದ್ದಾನೆ, ಗಾಳಿಗೆ ಮಾತ್ರ ಆಗಲೇ ಒದ್ದೆ ಟವೆಲಿನ ಭಾರ. ಶಾರ್ಜಾ ಕಡೆಯಿಂದ ಕಾರುಗಳು ಒಂದರ ಬಾಲ ಒಂದು ಹಿಡಿದು ಬರುತ್ತಿವೆ. ವಾಲ್ವ್ ಇರುವ ಗುಂಡಿಯಿಂದ ಕೈ ಹೊರಗೆಳೆದು, ಮಣ್ಣು ಕೊಡವಿ ಎದ್ದು ನಿಂತ ಫಿಡೆಲಿಸ್ ತಲೆಯೆತ್ತಿ ನೋಡಿದಾಗ ಮುಖದ ನಗು ಅರ್ಧಕ್ಕೆ ನಿಲ್ಲುತ್ತದೆ. ಅವರೆದುರು ರಸ್ತೆಯುದ್ದಕ್ಕೂ ಬೇವಿನ ಮರಗಳು. ಸಾಲಿನ ನಡುವಿನ ಒಂದು ಮರ ಹಚ್ಚಗೆ ಹೊಳೆಯುತ್ತಿದೆ. ಉಳಿದವೆಲ್ಲ ಹಳದಿ. ಕೆಲವು ಎಲೆ ಉದುರಿಸತೊಡಗಿವೆ.

ವಾಲ್ವ್ ಸರಿ ಇದೆ ಎಂದು ಈಗಷ್ಟೇ ಖಚಿತವಾಯಿತು. ಮಣ್ಣಿನೊಳಗಿನ ಸೆನ್ಸರನ್ನು ಕಳೆದ ವಾರವಷ್ಟೇ ಹೊಸತು ಹಾಕಿದ್ದಾಗಿದೆ. ಹಾಗಿದ್ದರೆ ಮರಗಳೇಕೆ ಒಣಗುತ್ತಿವೆ? ಗುರುವಾರದೊಳಗೆ ಅವರಿಗೆ ಉತ್ತರ ಬೇಕು.

ಈ ರಸ್ತೆಯ ಮರಗಳು ಮಾತಾಡುತ್ತವೆ. ಫಿಡೆಲಿಸ್ ಅದನ್ನು ಹೇಳುವುದೇ ಹಾಗೆ. ಪ್ರತಿ ಸಾಲಿನಲ್ಲಿ ಒಂದು ಮರದ ಬೇರಿನ ಬಳಿ ಪೆನ್ನಿನಷ್ಟು ಉದ್ದದ ಸೆನ್ಸರ್ ಹೂತಿದೆ. ಮಣ್ಣು ಒಣಗಿದರೆ ಅದು ಊರಿನ ಇನ್ನೊಂದು ತುದಿಯ ಕಂಟ್ರೋಲ್ ರೂಮಿಗೆ ಸುದ್ದಿ ಕಳಿಸುತ್ತದೆ, ವಾಲ್ವ್ ತನ್ನಷ್ಟಕ್ಕೆ ತೆರೆದು ಇಡೀ ಸಾಲಿಗೆ ನೀರು ಹರಿಯುತ್ತದೆ. ಒದ್ದೆಯಿದ್ದರೆ ಸುಮ್ಮನಿರುತ್ತದೆ. ಒಂದು ಮರ ತನ್ನ ಅಕ್ಕಪಕ್ಕದ ಎಲ್ಲರ ಪರವಾಗಿ ಬಾಯಾರಿಕೆ ಹೇಳಬೇಕು. ಸದ್ಯಕ್ಕೆ ಇದು ಪ್ರಯೋಗ. ಗುರುವಾರ ತಪಾಸಣೆಯವರು ಬಂದು ನೋಡಿ ಒಪ್ಪಿದರೆ ಇಡೀ ಬಡಾವಣೆಗೆ ಇದೇ ವ್ಯವಸ್ಥೆ. ಒಪ್ಪದಿದ್ದರೆ ಸೆನ್ಸರುಗಳನ್ನೆಲ್ಲ ಕಿತ್ತು ಮತ್ತೆ ಹಳೆಯ ಟೈಮರು.

ಟೈಮರಿನ ಹೆಸರೆತ್ತಿದರೆ ಫಿಡೆಲಿಸ್‌ಗೆ ಮೈಯುರಿ. ಉಡುಪಿ ಹತ್ತಿರದ ಶಿರ್ವದವರು. ಇಪ್ಪತ್ತರ ಹರೆಯದಲ್ಲಿ ಅಬುಧಾಬಿಗೆ ಬಂದು, ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಪೈಪು ಕತ್ತರಿಸುತ್ತ ಕಿವಿಯನ್ನೂ ಬೆನ್ನನ್ನೂ ಸವೆಸಿಕೊಂಡವರು. ಕಂಪನಿ ಬಸ್ಸು, ಕಂಪನಿ ಕೋಣೆ, ಒಂದೇ ಕೋಣೆಯಲ್ಲಿ ನಾಲ್ಕು ಭಾಷೆಯ ಗೊರಕೆ. ಅಲ್ಲಿಂದ ದುಬೈಗೆ, ರಸ್ತೆಬದಿಯ ಹಸಿರು ನೋಡಿಕೊಳ್ಳುವ ಗುತ್ತಿಗೆ ಕಂಪನಿಗೆ. ಕೆಲಸ ಸುಲಭದ್ದು ಎಂದಿದ್ದರಂತೆ: ಗಡಿಯಾರ ನೋಡು, ನೀರು ಬಿಡು, ನೀರು ನಿಲ್ಲಿಸು.

"ಒಂದು ವರ್ಷ ಇಲ್ಲಿ ಭಯಂಕರ ಮಳೆ ಬಂತು ಮಾರಾಯ್ರೆ," ಎನ್ನುತ್ತಾರೆ. "ರಸ್ತೆಯಲ್ಲಿ ಮೊಣಗಂಟಿನವರೆಗೆ ನೀರು. ಅದರ ನಡುವೆ ನಮ್ಮ ಸ್ಪ್ರಿಂಕ್ಲರ್ ಚಿರ್ ಚಿರ್ ಅಂತ ತಿರುಗ್ತಾ ಉಂಟು. ಟೈಮರಿಗೆ ಮಳೆ ಅಂದ್ರೆ ಎಂತ ಗೊತ್ತು? ನಾನು ಕೊಡೆ ಹಿಡ್ಕೊಂಡು ಗಿಡಕ್ಕೆ ನೀರು ಬಿಟ್ಟವ."

ಈ ಊರಿನಲ್ಲಿ ಮರಕ್ಕೆ ಹೋಗುವ ನೀರು ಆಕಾಶದಿಂದ ಬಿದ್ದದ್ದಲ್ಲ. ಮನೆಮನೆಯ ಬಚ್ಚಲಿನಿಂದ ಹೋದದ್ದನ್ನೇ ಶುದ್ಧ ಮಾಡಿ, ಪಂಪು ಹಚ್ಚಿ, ಮೈಲಿಗಟ್ಟಲೆ ದೂಡಿ ತರಬೇಕು. ಪ್ರತಿ ಬಕೆಟ್ಟಿನ ಹಿಂದೆ ಕರೆಂಟು ಉರಿದಿರುತ್ತದೆ. ಬೇಡದ ಮರಕ್ಕೆ ನೀರು ಬಿಡುವುದೆಂದರೆ ಯಾರೂ ಇಲ್ಲದ ಮನೆಯಲ್ಲಿ ಏಸಿ ಹಾಕಿ ಕೂತ ಹಾಗೆ. ಅದಕ್ಕೇ ಮೊದಲ ಸೆನ್ಸರ್ ಹೂತ ದಿನ ಫಿಡೆಲಿಸ್ ಮನೆಗೆ ಮಿಠಾಯಿ ಕೊಂಡುಹೋದರು. ಹೆಂಡತಿ ಪ್ಯಾಟ್ರಿಶಿಯಾ ದೇರಾದ ಕ್ಲಿನಿಕ್ಕೊಂದರಲ್ಲಿ ನರ್ಸು. ಯಾರದ್ದಾದರೂ ಹುಟ್ಟುಹಬ್ಬವೇ ಎಂದು ಆಕೆ ಕೇಳಿದ್ದಕ್ಕೆ, ಬೇವಿನ ಮರಕ್ಕೆ ಫೋನ್ ಕನೆಕ್ಷನ್ ಸಿಕ್ಕಿತು ಎಂದರಂತೆ.

ಫೋನಿನ ಆ ತುದಿಯಲ್ಲಿರುವುದು ಹಿತಾ. ಮೈಸೂರಿನವರು, ಇಂಜಿನಿಯರ್. ಇಬ್ಬರ ಗೆಳೆತನ ಬೆಳೆದದ್ದು ಮುಖ ನೋಡದೆ. ಬೆಳಿಗ್ಗೆ ಅವರು ಸ್ಕ್ರೀನಿನ ಮುಂದೆ, ಇವರು ಮಣ್ಣಿನ ಮೇಲೆ. ಒಮ್ಮೆ ಮಾತ್ರ ಫಿಡೆಲಿಸ್ ಕಂಟ್ರೋಲ್ ರೂಮಿಗೆ ಹೋದದ್ದುಂಟು. ಗೋಡೆಯಷ್ಟು ದೊಡ್ಡ ನಕ್ಷೆ, ಅದರ ತುಂಬ ಉಸಿರಾಡುವ ಚುಕ್ಕೆಗಳು. ನಡೆದುಹೋಗುವವರು ಇಲ್ಲದಾಗ ತಾವೇ ಮಂಕಾಗುವ ಬೀದಿದೀಪಗಳು, ತುಂಬಿದಾಗ ಹೇಳಿಕಳಿಸುವ ಕಸದ ಡಬ್ಬಿಗಳು, ಸೋರತೊಡಗಿದ ಕ್ಷಣವೇ ಕೆಂಪಾಗುವ ಪೈಪುಗಳು. ಇಡೀ ಊರು ಪಿಸುಗುಟ್ಟುತ್ತಿತ್ತು, ಒಂದು ಕೋಣೆ ಕೂತು ಕೇಳಿಸಿಕೊಳ್ಳುತ್ತಿತ್ತು. ಆ ಜಾತ್ರೆಯಲ್ಲಿ ತಮ್ಮದೆಲ್ಲಿ ಎಂದು ಹುಡುಕಿದರೆ ಕೂದಲೆಳೆಯಷ್ಟು ಒಂದು ಹಸಿರು ಗೆರೆ.

"ನನ್ನ ರಸ್ತೆ ಇಷ್ಟು ಸಪೂರವಾ?" ಎಂದರು. ನಡೆದು ನೋಡಿದವರಿಗೆ ಹಾಗನ್ನಿಸುವುದಿಲ್ಲ ಬಿಡಿ ಎಂದು ಹಿತಾ ಸಮಾಧಾನ ಮಾಡಿದರು.

ಈಗ ಆ ಸಪೂರ ಗೆರೆಯೇ ಸುಳ್ಳು ಹೇಳುತ್ತಿದೆ. ಸ್ಕ್ರೀನಿನಲ್ಲಿ ಹಸಿರು, ರಸ್ತೆಯಲ್ಲಿ ಹಳದಿ. ಮಣ್ಣು ಒದ್ದೆಯಿದೆ ಎನ್ನುತ್ತದೆ ಸೆನ್ಸರು, ವಾಲ್ವ್ ತೆರೆಯುವುದೇ ಇಲ್ಲ. ಹಳೆಯ ಸೆನ್ಸರೂ ಅದನ್ನೇ ಹೇಳಿತ್ತು, ಹೊಸದೂ ಅದನ್ನೇ ಹೇಳುತ್ತಿದೆ. ಅದು ಹೂತಿರುವ ಮರ ಹಚ್ಚಗಿರುವುದನ್ನು ಕಂಡು, ದೋಷ ಉಳಿದ ಮರಗಳ ಪೈಪಿನಲ್ಲಿರಬೇಕೆಂದು ಫಿಡೆಲಿಸ್ ಒಂದೊಂದೇ ತೂತು ಬಿಡಿಸಿ ತೊಳೆದದ್ದೂ ಆಯಿತು. ಪರೀಕ್ಷೆಗೆಂದು ಮಾಡುವ ಹಾಗೆ ದಿನಾ ಬೆಳಿಗ್ಗೆ ಫೋನಿನಲ್ಲಿ ಹೇಳಿ ನಾವೇ ನೀರು ಬಿಡಿಸಿದರಾಗದೇ ಎಂದು ಸೂಪರ್‌ವೈಸರ್ ರಿತೇಶ್ ಸಾಲ್ಯಾನ್ ಕೇಳಿದ್ದರು. ಹಾಗಾದರೆ ಇದಕ್ಕೂ ಟೈಮರಿಗೂ ಎಂತ ವ್ಯತ್ಯಾಸ ಎಂದು ಫಿಡೆಲಿಸ್ ತಿರುಗಿ ಕೇಳಿದರು.

ಸುಳಿವು ಸಿಕ್ಕಿದ್ದು ಹಿತಾಗೆ. ಸೋಮವಾರ ಬೆಳಿಗ್ಗೆ ಅವರು ಫೋನಿಗೆ ಒಂದು ಗ್ರಾಫ್ ಕಳಿಸಿ, ಹಿಂದೆಯೇ ಕರೆ ಮಾಡುತ್ತಾರೆ.

"ಅಂಕಲ್, ನಿಮ್ಮ ಮರ ದಿನಾ ಮಧ್ಯಾಹ್ನ ನೀರು ಕುಡೀತಿದೆ. ನಾನಂತೂ ಆ ಹೊತ್ತಿಗೆ ವಾಲ್ವ್ ತೆಗೆದಿಲ್ಲ. ಯಾರು ಕುಡಿಸ್ತಿದಾರೆ?"

ಫಿಡೆಲಿಸ್ ಗ್ರಾಫನ್ನು ದೊಡ್ಡದು ಮಾಡಿ ನೋಡುತ್ತಾರೆ. ದಿನವೂ ಅದೇ ಹೊತ್ತಿಗೆ ಗೆರೆ ಗುಡ್ಡದ ಹಾಗೆ ಏಳುತ್ತದೆ. ಅದು ಅವರು ಎಂದೂ ಕಾಣದ ಹೊತ್ತು. ಬೇಸಿಗೆಯ ಮೂರು ತಿಂಗಳು ಇಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗೆ ಕೆಲಸ ಮಾಡಿಸುವಂತಿಲ್ಲ, ಕಾನೂನಿದೆ. ಆ ಹೊತ್ತಿಗೆ ಕಂಪನಿಯ ವ್ಯಾನು ಎಲ್ಲರನ್ನೂ ತುಂಬಿಕೊಂಡು ಏಸಿ ಕೋಣೆಗೆ ಹೋಗಿಬಿಡುತ್ತದೆ. ಬೆಳಿಗ್ಗೆಯೂ ಸಂಜೆಯೂ ಮರದ ಬುಡದಲ್ಲೇ ಇರುವ ಮನುಷ್ಯ, ನಡುಹಗಲಿನಲ್ಲಿ ಮರ ಏನು ಮಾಡುತ್ತದೆಂದು ನೋಡಿದವರಲ್ಲ.

ಅಂದು ವ್ಯಾನು ಹತ್ತದೆ ತಮ್ಮದೇ ಕಾರು ತಂದು ರಸ್ತೆಯಾಚೆ ನಿಲ್ಲಿಸಿ, ಏಸಿ ಹಾಕಿಕೊಂಡು ಒಳಗೇ ಕೂರುತ್ತಾರೆ. ಫೋನಿನಲ್ಲಿ ವಿಷಯ ಕೇಳಿದ ಪ್ಯಾಟ್ರಿಶಿಯಾ, ಬೇರೆಯವರ ಗಂಡಂದಿರು ಹೊಂಚು ಹಾಕುವುದು ಬೇರೆ ಯಾವುದಕ್ಕೋ, ನನ್ನ ಗಂಡ ಬೇವಿನ ಮರಕ್ಕೆ ಎನ್ನುತ್ತಾರೆ.

ಹೆಚ್ಚು ಕಾಯಬೇಕಾಗುವುದಿಲ್ಲ. ಒಂದು ಬೈಕು ಬರುತ್ತದೆ, ಇನ್ನೊಂದು, ಆಮೇಲೆ ಸಾಲು ಸಾಲು. ಬೆನ್ನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡ ಊಟ ತಲುಪಿಸುವ ಸವಾರರು. ಪಕ್ಕದ ಹೋಟೆಲುಗಳಿಂದ ಆರ್ಡರಿಗಾಗಿ ಕಾಯುವಾಗ ಇವರಿಗೆಲ್ಲ ಸಿಗುವ ದಟ್ಟ ನೆರಳು ಸೆನ್ಸರ್ ಹೂತಿರುವ ಆ ಹಚ್ಚಗಿನ ಮರದ್ದೊಂದೇ. ಹೆಲ್ಮೆಟ್ ತೆಗೆದು, ಬಾಟಲಿ ಬಗ್ಗಿಸಿ ಮುಖ, ಕೈ, ಕಾಲು ತೊಳೆಯುತ್ತಾರೆ. ಕೆಲವರು ನಮಾಜಿಗೆ, ಕೆಲವರು ಊಟಕ್ಕೆ, ಕೆಲವರು ಬರೀ ಉರಿಗೆ. ಎಲ್ಲರೂ ಬಹಳ ಜಾಗ್ರತೆಯಿಂದ, ಒಂದು ಹನಿಯೂ ಕಲ್ಲಿನ ಮೇಲೆ ಬೀಳದ ಹಾಗೆ, ಮರದ ಬುಡಕ್ಕೇ ಬಗ್ಗುತ್ತಾರೆ. ಉಂಡಾದ ಮೇಲೆ ಡಬ್ಬಿ ತೊಳೆದ ನೀರೂ ಅಲ್ಲಿಗೇ.

ಫಿಡೆಲಿಸ್ ಇಳಿದು ರಸ್ತೆ ದಾಟುತ್ತಾರೆ. ಅವರನ್ನು ಕಂಡು ಎದ್ದು ಬಂದವನು ಸಿನಾನ್. ಉಪ್ಪಿನಂಗಡಿಯ ಬ್ಯಾರಿ, ಮಾತಿಗೆ ಸದಾ ಮುಂದು.

"ನೋಡಿದ್ರಾ ಫಿಡೆಲಿಸಣ್ಣ? ಒಬ್ಬನೂ ನೀರು ಆಚೆ ಚೆಲ್ಲುವುದಿಲ್ಲ. ಪಾಕಿಸ್ತಾನದವರಿಗೂ ನೇಪಾಳದವರಿಗೂ ನಾನೇ ಕಲಿಸಿದ್ದು. ಇಲ್ಲಿ ಇದೇ ರೂಲ್ ಅಂತ ಹೇಳಿದ್ದೇನೆ."

"ಯಾರದ್ದು ಮಾರಾಯ ಈ ರೂಲ್?"

"ಎಂತ, ಮರೆತು ಹೋಯ್ತಾ? ನಿಮ್ಮದೇ ಅಲ್ವಾ."

ಹೌದು. ಬೇಸಿಗೆ ಶುರುವಾಗುವ ಮುಂಚೆ ಒಂದು ಸಂಜೆ ಸಿನಾನ್ ಫುಟ್‌ಪಾತಿನ ಮೇಲೆ ಕೈ ತೊಳೆಯುತ್ತಿದ್ದಾಗ ಗದರಿಸಿದವರು ಇವರೇ. ಕರಾವಳಿಯ ಮನೆಗಳಲ್ಲಿ ಕೈ ತೊಳೆದ ನೀರು ಸುಮ್ಮನೆ ಹರಿದುಹೋಗುವುದಿಲ್ಲ, ತೆಂಗಿಗೋ ಬಾಳೆಗೋ ಬಸಳೆಯ ಬುಡಕ್ಕೋ ಹೋಗಬೇಕು. ಕಲ್ಲಿಗೆ ಯಾಕೆ ನೀರು ಕುಡಿಸುತ್ತೀ, ಮರಕ್ಕೆ ಹಾಕು ಎಂದಿದ್ದರು. ಹೇಳುವಾಗ ನಾಲಿಗೆಯಲ್ಲಿದ್ದದ್ದು ಅಮ್ಮನ ಮಾತು, ಸೆನ್ಸರ್ ನೆನಪಾಗಲೇ ಇಲ್ಲ. ಅಂದಿನಿಂದ ಆ ಮರ ದಿನವೂ ಹೊಟ್ಟೆ ತುಂಬಿಸಿಕೊಂಡು, ಸಾಲಿನ ಎಲ್ಲರ ಪರವಾಗಿ ಸಾಕು ಸಾಕು ಎನ್ನುತ್ತಿದೆ.

ಕಾರಿಗೆ ಮರಳುವಷ್ಟರಲ್ಲಿ ಅವರಿಗೆ ನಗು ತಡೆಯಲಾಗುವುದಿಲ್ಲ. ಕರೆ ಎತ್ತಿದ ಹಿತಾಗೆ ಮೊದಲು ಕೇಳಿಸುವುದು ಬರೀ ನಗು.

"ಮೇಡಂ, ಸೆನ್ಸರ್ ಸುಳ್ಳು ಹೇಳಲಿಲ್ಲ. ಮರವೂ ಸುಳ್ಳು ಹೇಳಲಿಲ್ಲ. ನನ್ನ ಬಾಯಿಯೇ ಮಾಡಿದ್ದು ಇದು."

ಕಥೆ ಕೇಳಿದ ಹಿತಾ ಕುರ್ಚಿಯಲ್ಲೇ ಕುಣಿಯುತ್ತಾರೆ. ಒಂದು ಮರದ ಮಾತನ್ನಷ್ಟೇ ನಂಬಬಾರದು, ಸಾಲಿಗೆ ಎರಡು ಸೆನ್ಸರ್ ಬೇಕು, ಒಂದು ಇನ್ನೊಂದನ್ನು ಪ್ರಶ್ನಿಸಬೇಕು, ಅಕ್ಕಪಕ್ಕದ ಸಾಲುಗಳೂ ಮಾತಾಡಿಕೊಳ್ಳಬೇಕು ಎಂದು ಒಂದೇ ಉಸಿರಿನಲ್ಲಿ ಹೇಳುತ್ತ ಹೋಗುತ್ತಾರೆ. ಇಲ್ಲಿ ಫಿಡೆಲಿಸ್, ಯಾವ ಮರದ ಬೇರು ಎತ್ತ ಹೋಗಿದೆ ಎಂದು ನಡುನಡುವೆ ತೂರಿಸುತ್ತಾರೆ. ಏಸಿ ಹಾಕಿದ ಕಾರಿನಲ್ಲೂ ಅವರು ಬೆವರುತ್ತಿದ್ದಾರೆ. ಇಷ್ಟು ಖುಷಿ ತಮಗೆ ಈ ಊರಿನಲ್ಲಿ ಆಗಿದ್ದೇ ಕಡಿಮೆ ಎಂದು ಆಮೇಲೆ ಹೇಳುತ್ತಾರೆ.

ಮಂಗಳವಾರ ಬೆಳಿಗ್ಗೆ ಸೆನ್ಸರನ್ನು ಕಿತ್ತು ಬೇರೆ ಮರದ ಬುಡಕ್ಕೆ ಹಾಕಲು ಫಿಡೆಲಿಸ್ ಮಂಡಿಯೂರಿರುವಾಗ, ಸುದ್ದಿ ಕೇಳಿದ ರಿತೇಶ್ ಅವರ ಪಿಕಪ್ ಬಂದು ನಿಲ್ಲುತ್ತದೆ. ಹಿಂದೆ ಹಸಿರು ಬಣ್ಣದ ಕಬ್ಬಿಣದ ಬೇಲಿ, ನಾಲ್ಕು ಕಂಬ, ಇಲ್ಲಿ ಕೂರಬಾರದು ಎಂದು ಮೂರು ಭಾಷೆಯಲ್ಲಿ ಬರೆದ ಬೋರ್ಡು.

"ಪೊರ್ಬುಲೆ, ಅದನ್ನು ಮುಟ್ಟಬೇಡಿ," ಎನ್ನುತ್ತಾರೆ ರಿತೇಶ್, ಊರಿನಲ್ಲಿ ತುಳುವರು ಕ್ರೈಸ್ತ ನೆರೆಯವರನ್ನು ಕರೆಯುವ ಸಲಿಗೆಯಲ್ಲಿ. ಅವರ ಲೆಕ್ಕ ತಪ್ಪಲ್ಲ. ಸೆನ್ಸರ್ ಜಾಗ ಬದಲಿಸಿದರೆ ಹೊಸ ಮಣ್ಣು ಕೂರುವವರೆಗೆ ಅಂಕಿಗಳು ಮೇಲೆ ಕೆಳಗೆ ಕುಣಿಯುತ್ತವೆ, ಗುರುವಾರ ತಪಾಸಣೆಯವರ ಕಣ್ಣೆದುರೇ ಕುಣಿಯುತ್ತವೆ. ಮರದ ಸುತ್ತ ಬೇಲಿ ಹಾಕಿದರೆ ಸವಾರರು ಬರುವುದಿಲ್ಲ, ಬುಡ ಒಣಗುತ್ತದೆ, ವಾಲ್ವ್ ತಾನಾಗಿ ತೆರೆಯುತ್ತದೆ. ಗುರುವಾರ ಎಲ್ಲ ಚೊಕ್ಕ.

ಸವಾರರು ಎಲ್ಲಿ ಹೋಗಬೇಕು ಎಂದು ಫಿಡೆಲಿಸ್ ಕೇಳುತ್ತಾರೆ. ಅದು ನಮ್ಮ ಗುತ್ತಿಗೆಯಲ್ಲಿ ಇಲ್ಲ ಎನ್ನುತ್ತಾರೆ ರಿತೇಶ್. ಮರ ನೆಟ್ಟದ್ದು ನೆರಳಿಗೆ ಅಲ್ಲವೇ ಎಂದರೆ, ಗುರುವಾರ ಕಳೆಯಲಿ, ಆಮೇಲೆ ಮಾತಾಡುವ ಎನ್ನುತ್ತಾರೆ. ಬೇಲಿ ಒಮ್ಮೆ ಬಂದರೆ ಆಮೇಲೆ ಹೋಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು.

ರಿತೇಶ್ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ದನಿ ತಗ್ಗಿಸುತ್ತಾರೆ. "ನೋಡಿ, ಗುರುವಾರ ಪಾಸಾದರೆ ಇಡೀ ನಹ್ದಾ ನಮಗೆ. ಫೀಲ್ಡ್ ಇನ್‌ಚಾರ್ಜ್ ನೀವೇ. ಮೇಲಿನವರ ಹತ್ತಿರ ಮಾತಾಡಿ ಆಗಿದೆ. ಸ್ವಂತ ವ್ಯಾನು, ಕೆಳಗೆ ಜನ. ಇನ್ನು ಈ ಗುಂಡಿಗೆ ಕೈ ಹಾಕುವ ಕೆಲಸ ಖಲಾಸ್. ನಾಲ್ಕು ಕಂಬ ಊರಲಿಕ್ಕೆ ಎಷ್ಟು ಹೊತ್ತು?"

ಇಡೀ ನಹ್ದಾ. ಪ್ರತಿ ಬೀದಿಯಲ್ಲೂ ಮಾತಾಡುವ ಮರಗಳು. ಫಿಡೆಲಿಸ್ ಅದನ್ನು ಬಯಸಿದಷ್ಟು ಈ ಕಂಪನಿಯಲ್ಲಿ ಬೇರೆ ಯಾರೂ ಬಯಸಿರಲಾರರು. ಅವರು ರಿತೇಶರ ಮುಖ ನೋಡುತ್ತಾರೆ, ಪಿಕಪ್ಪಿನಲ್ಲಿರುವ ಕಂಬಗಳನ್ನು ನೋಡುತ್ತಾರೆ. ಆಮೇಲೆ ಬಗ್ಗಿ, ಮಣ್ಣಿನೊಳಗೆ ಬೆರಳು ತೂರಿಸಿ, ಸೆನ್ಸರನ್ನು ಮೆಲ್ಲಗೆ ಹೊರಗೆಳೆಯುತ್ತಾರೆ.

"ಬೇಡ," ಎನ್ನುತ್ತಾರೆ. "ಬೇಲಿ ನಾನು ಹಾಕುವುದಿಲ್ಲ."