ಪಿನ್‌ಕೋಡ್ ಪುಸ್ತಕದಲ್ಲಿ ಹುಡುಕಿದ ದ್ವೀಪ

ಅವರ ಬಲಗೈಯಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ, ಹುಣಸೆಬೀಜದಷ್ಟು ದೊಡ್ಡ ಒಂದು ಗಡಸು ಗಂಟು ಇತ್ತು. ಮೂವತ್ತು ವರ್ಷ ತಾರೀಖಿನ ಮುದ್ರೆ ಹಿಡಿದು ಕುಟ್ಟಿದ ಕೈ ಅದು. ಗಂಟಿನ ಸುತ್ತಲಿನ ಗೆರೆಗಳಲ್ಲಿ ಕಪ್ಪು ಶಾಯಿ ಇಳಿದುಬಿಟ್ಟಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಮಡಿಯ ಮನೆತನದವರು, ಊಟಕ್ಕೆ ಮೊದಲು ನಾಲ್ಕು ಸಲ ಕೈ ತೊಳೆಯುತ್ತಿದ್ದರು. ತೊಳೆದ ಮೇಲೆ ಅಂಗೈ ನೋಡಿಕೊಂಡು, "ಇದು ಹೊಲಸಲ್ಲ, ನೌಕರಿ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಕಮಲಾಪುರದ ಅಂಚೆ ಕಚೇರಿಗೆ ಅವರು ಪೋಸ್ಟ್‌ಮಾಸ್ಟರ್. ಹೆಂಗಸಾದ್ದರಿಂದ ಊರಿನವರಿಗೆಲ್ಲ ಪೋಸ್ಟ್‌ಬಾಯಿ, ಚಿಕ್ಕದಾಗಿ ಬಾಯಿಯವರು. ಕಲಬುರಗಿಯ ಬ್ರಹ್ಮಪುರದಲ್ಲಿ ಅಣ್ಣನ ಮನೆಯಲ್ಲಿ ಇದ್ದುಕೊಂಡು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ, ಕೌಂಟರಿನಲ್ಲಿ ಬಂದವರ ಮಾತು ಯಾವುದೋ ಅದು. ಮದುವೆ ಆಗಿರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಗ ಟೆಲಿಗ್ರಾಂ, ಅಂದರೆ ತಾರು ಬರುವ ಕಾಲ. ಓದಲು ಬಾರದವರ ತಾರನ್ನು ಬಾಯಿಯವರೇ ಓದಿ ಹೇಳುತ್ತಿದ್ದರು. ಒಳ್ಳೆಯ ಸುದ್ದಿಯಾದರೆ ಕಿಟಕಿಯಿಂದಲೇ ಕೂಗಿ ಹೇಳುವರು. ಕೆಟ್ಟದ್ದಾದರೆ ಬಾಗಿಲು ತೆಗೆದು ಒಳಗೆ ಕರೆದು, ಬೆಂಚಿನ ಮೇಲೆ ಕೂಡಿಸಿ, ಮೊದಲು ನೀರು ಕೊಡುವರು. ಬಂದವರು ಕುಡಿದು ಮುಗಿಸುವವರೆಗೆ ಕಾಯುವರು. ಆಮೇಲೆ ಸುತ್ತುಬಳಸದೆ ಹೇಳಿಬಿಡುವರು.

ನನ್ನ ಗಂಡ ಅದೇ ಕಚೇರಿಯಲ್ಲಿ ಪೋಸ್ಟ್‌ಮನ್ ಆಗಿದ್ದ. ಬಾಯಿಯವರ ಈ ರೀತಿಯನ್ನು ಅವನೇ ನನಗೆ ಹೇಳಿದ್ದು. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅವನಿಗೆ ಜ್ವರ ಬಂತು. ಎರಡನೆಯ ದಿನ ಮೈದುನ ಅವನನ್ನು ಕಲಬುರಗಿಯ ದವಾಖಾನೆಗೆ ಕರೆದುಕೊಂಡು ಹೋದ. ನಾಲ್ಕನೆಯ ದಿನ ಹನ್ನೊಂದರ ಸುಮಾರಿಗೆ ಬಾಯಿಯವರು ಆ ಬಿಸಿಲಲ್ಲಿ ನಡೆದುಕೊಂಡು ನಮ್ಮ ಮನೆಗೆ ಬಂದರು. ಕೆಲಸದ ಹೊತ್ತಿನಲ್ಲಿ ಅವರು ಕೌಂಟರು ಬಿಟ್ಟು ಎದ್ದದ್ದನ್ನು ಊರು ಅವತ್ತೇ ಮೊದಲು ನೋಡಿದ್ದು.

"ಕುಂದ್ರು" ಎಂದರು. ಕೂತೆ. ನಮ್ಮದೇ ಕೊಡದಿಂದ ತಾವೇ ಒಂದು ತಂಬಿಗೆ ನೀರು ತಂದರು.

"ಕುಡಿ."

ಆ ತಂಬಿಗೆ ಕೈಗೆ ಬಂದಾಗಲೇ ನನಗೆ ಗೊತ್ತಾಯಿತು. ಆದರೂ ಪೂರ್ತಿ ಕುಡಿದೆ. ನೆಲಕ್ಕಿಟ್ಟೆ.

"ಹತ್ತಕ್ಕ ಫೋನ್ ಬಂತು. ಅವ ಉಳೀಲಿಲ್ಲ" ಎಂದರು.

ನಾನು ಅಳಲಿಲ್ಲ. ಬಾಯಿಯವರು ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲಿ ನೆಲದ ಮೇಲೆಯೇ ಕೂತಿದ್ದರು. ಮಣ್ಣು ಮಾಡಿದ ದಿನವೂ ನಾನು ಅಳಲಿಲ್ಲ, ಆಮೇಲೂ ಇಲ್ಲ. ಹೆಂಗಸರು ನನ್ನ ಭುಜ ಹಿಡಿದು ಅಲುಗಾಡಿಸಿ ಅಳಿಸಲು ನೋಡಿದರು. ನನ್ನ ತವರು ಶರಣಸಿರಸಗಿಯಿಂದ ಅಪ್ಪ ಬಂದು, ಮನೆಗೆ ನಡಿ ಎಂದ. ಹೂಂ ಎಂದೆ. ಮರುದಿನ ಬಾಯಿಯವರು, ಇಲ್ಲೇ ಇರು, ಅನುಕಂಪದ ನೌಕರಿಗೆ ಅರ್ಜಿ ಹಾಕೋಣ ಎಂದರು. ಅದಕ್ಕೂ ಹೂಂ ಎಂದೆ. ಅಪ್ಪ ನನ್ನ ಮುಖ ನೋಡಿ ಹೊರಟುಹೋದ.

ಮದುವೆಗೆ ಮುಂಚೆ ಪಿಯುಸಿ ಮುಗಿಸಿದ್ದು ಕೆಲಸಕ್ಕೆ ಬಂತು. ಕೆಲವು ತಿಂಗಳಲ್ಲಿ ಬಾಯಿಯವರ ಪಕ್ಕದ ಕುರ್ಚಿಯಲ್ಲಿ ಕೂತೆ. ಕೆಲಸ ಬೇಗ ಕಲಿತೆ. ಕೌಂಟರಿನ ಆಚೆಯವರು ಕೇಳಿದ್ದನ್ನು ಕೊಡುವ ಕೆಲಸ, ನನಗೆ ಏನು ಬೇಕೆಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಸೀರೆಗಳ ಅಟ್ಟಿಯಲ್ಲಿ ಮೇಲಿದ್ದದ್ದನ್ನು ಉಡುತ್ತಿದ್ದೆ. ಒಂದೇ ಸಾರು ಮೂರು ದಿನ ಉಣ್ಣುತ್ತಿದ್ದೆ. ಬೇಕು ಅನಿಸುತ್ತಿರಲಿಲ್ಲ, ಬೇಡ ಅಂತಲೂ ಅನಿಸುತ್ತಿರಲಿಲ್ಲ. ಗಂಡನ ಸೈಕಲ್ಲನ್ನು ಹೊಸ ಪೋಸ್ಟ್‌ಮನ್‌ಗೆ ಕೊಟ್ಟಿದ್ದರು. ಅದರ ಗಂಟೆ ದಿನಕ್ಕೆರಡು ಸಲ ಕೇಳಿಸುತ್ತಿತ್ತು. ಕೇಳಿಸಿದರೂ ಏನೂ ಆಗುತ್ತಿರಲಿಲ್ಲ.

ನೌಕರಿಗೆ ಒಂದು ವರ್ಷ ತುಂಬಿದ ಮೇಲೆ ಬಾಯಿಯವರು ನನ್ನ ಮುಂದೆ ಒಂದು ಅರ್ಜಿ ಇಟ್ಟರು. ಎಲ್‌ಟಿಸಿ ಅರ್ಜಿ. ನಮ್ಮಂಥ ಕೇಂದ್ರ ಸರ್ಕಾರದ ನೌಕರರು ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಹೋಗಿಬರಬಹುದು, ದಾರಿಖರ್ಚು ಸರ್ಕಾರದ್ದು. ಉಳಿದವರು ತಿರುಪತಿಗೆ, ಕಾಶಿಗೆ ಹೋಗುತ್ತಿದ್ದರು.

"ಈ ಸಲ ನಾವಿಬ್ಬರೂ ಕೂಡಿ ದ್ವೀಪಕ್ಕ ಹೋಗೋಣು. ಯಾವ ದ್ವೀಪ ಅಂಬೋದು ನೀ ಆರಿಸು."

"ನನಗೇನು ತಿಳೀತದ್ರಿ ಬಾಯಾರ. ನೀವೇ ಹೇಳ್ರಿ."

"ನನಗ ತಿಳೀತದಂತ ಯಾರಂದ್ರು? ಭೀಮಾ ನದಿಗಿಂತ ದೊಡ್ಡ ನೀರು ನಾ ನೋಡಿಲ್ಲ." ಅವರು ಕಿಟಕಿಯ ಕಡೆ ಕೈ ಮಾಡಿದರು. "ಇಲ್ಲಿ ನಾಲ್ಕೂ ದಿಕ್ಕಿಗಿ ತೊಗರಿ ಹೊಲಾ. ನಾಲ್ಕೂ ದಿಕ್ಕಿಗಿ ನೀರೇ ಇದ್ರ ಮನಷಾ ಹ್ಯಾಂಗ ಇರ್ತಾನ ಅಂತ ನೋಡಬೇಕಾಗ್ಯದ."

ಒಂದು ವಾರ ದಿನಾ ಕೇಳಿದರು. ನಾನು ದಿನಾ, ನಿಮಗೆ ಯಾವುದು ಬೇಕೋ ಅದು ಎನ್ನುತ್ತಿದ್ದೆ. ಅವರಿಗೆ ಬೇಸರ ಬರಲಿಲ್ಲ. ಒಂದು ಮಧ್ಯಾಹ್ನ ಕಪಾಟಿನಿಂದ ಪಿನ್‌ಕೋಡ್ ಪುಸ್ತಕ ತೆಗೆದು ನನ್ನ ಮುಂದೆ ಹಾಕಿದರು. ಅಂಡಮಾನಿನ ಪುಟ, ಲಕ್ಷದ್ವೀಪದ ಪುಟ. ಊರಿನ ಹೆಸರು, ಅದರ ಮುಂದೆ ಆರು ಅಂಕಿ. ಚಿತ್ರವಿಲ್ಲ, ವರ್ಣನೆಯಿಲ್ಲ.

"ಅಲ್ಲಿ ಹ್ಯಾಂಗದ ಅಂತ ಅಲ್ಲಿಯವರಿಗೇ ಕೇಳಿದ್ರಾತು. ಪೋಸ್ಟ್‌ಮಾಸ್ಟರ್ ಎಲ್ಲಾ ಕಡೆ ಇರ್ತಾರ."

ಮೂರು ಕಾಗದ ಬರೆದರು. ಒಂದು ಪೋರ್ಟ್ ಬ್ಲೇರಿಗೆ, ಒಂದು ಲಕ್ಷದ್ವೀಪಕ್ಕೆ. ಮೂರನೆಯದಕ್ಕೆ, ಒಂದು ಹೆಸರಿನ ಮೇಲೆ ಬೊಟ್ಟಿಡು ಎಂದರು. ಕಣ್ಣಿಗೆ ಬಿದ್ದ ಒಂದು ಸಾಲಿನ ಮೇಲೆ ಇಟ್ಟೆ. ಅದು ಅಂಡಮಾನಿನ ಯಾವುದೋ ಸಣ್ಣ ದ್ವೀಪ. ಮೂರರಲ್ಲೂ ಒಂದೇ ಒಕ್ಕಣೆ: ನಾವು ಇಬ್ಬರು ಹೆಣ್ಣುಮಕ್ಕಳು, ಇಲಾಖೆಯವರು, ನಿಮ್ಮ ಊರಿಗೆ ಬಂದರೆ ನೋಡಲು ಏನಿದೆ, ಇರಲು ಎಲ್ಲಿದೆ?

ಎರಡು ತಿಂಗಳಲ್ಲಿ ಮೂರೂ ಉತ್ತರ ಬಂದವು. ಬಾಯಿಯವರು ಒಂದನ್ನೂ ಒಡೆಯದೆ ಇಟ್ಟುಕೊಂಡಿದ್ದು, ಮೂರನೆಯದು ಬಂದ ದಿನ ಕೌಂಟರು ಮುಚ್ಚಿದ ಮೇಲೆ, ಟಪಾಲಿನ ಬಸ್ಸಿಗೆ ಕಾಯುತ್ತ ಕೂತಾಗ ಓದಿದರು. ಪೋರ್ಟ್ ಬ್ಲೇರಿನದು ಟೈಪು ಮಾಡಿದ ಉದ್ದನೆಯ ಹಾಳೆ, ಹಳೆಯ ಜೈಲು, ವಸ್ತುಸಂಗ್ರಹಾಲಯ, ಮತ್ಸ್ಯಾಲಯ ಎಂದು ನೋಡುವ ಜಾಗಗಳ ಹೆಸರು. ಲಕ್ಷದ್ವೀಪದಿಂದ ಪರವಾನಗಿಯ ನಿಯಮಗಳು ಬಂದಿದ್ದವು. ಮೂರನೆಯದು ಇನ್‌ಲ್ಯಾಂಡ್ ಪತ್ರ, ಹಿಂದಿಯಲ್ಲಿ, ದಪ್ಪ ಅಕ್ಷರ. ಬಾಯಿಯವರು ಕನ್ನಡ ಮಾಡಿ ಓದಿದರು.

"ಇಲ್ಲಿ ನೋಡಲಿಕ್ಕ ಏನೂ ಇಲ್ಲ. ಸಮುದ್ರ ಅದ. ಸರ್ಕಾರಿ ಬಂಗಲೆದಾಗ ಒಂದು ಕೋಣಿ ಖಾಲಿ ಇರ್ತದ. ಅಕ್ಕಿ ಸಿಗ್ತದ. ಬರ್ರಿ."

ಅಷ್ಟೇ ಇತ್ತು. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, "ಹೂಂ, ಹೇಳು" ಎಂದರು.

ನಾನು ಇನ್‌ಲ್ಯಾಂಡ್ ಪತ್ರವನ್ನು ಅವರ ಕಡೆ ಸರಿಸಿದೆ.

"ಯಾಕ?"

"ಅಲ್ಲಿ ಏನೂ ಇಲ್ಲಂತಲ್ರೀ."

ಅವರು ನಗಲಿಲ್ಲ. ಪೆನ್ನು ತೆಗೆದು ಅರ್ಜಿಯಲ್ಲಿ ಆ ಊರಿನ ಹೆಸರು ಬರೆದರು. ಗಂಡ ಸತ್ತ ಮೇಲೆ ಇದು ಬೇಕು ಎಂದು ನಾನು ಆರಿಸಿದ ಮೊದಲ ವಸ್ತು ಆ ಕಾಗದ. ಆ ಹೊತ್ತಿನಲ್ಲಿ ಅದು ನನಗೆ ಹೊಳೆದಿರಲಿಲ್ಲ.

ಸುದ್ದಿ ಊರಿಗೆ ಹಬ್ಬಿತು. ಒಬ್ಬಾಕೆ ಕೌಂಟರಿಗೆ ಬಂದು, ನಾನು ಕೇಳಲೆಂದೇ, "ಗಂಡನ್ನ ಕಳಕೊಂಡಾಕಿ ಊರು ತಿರುಗಾಕ ಹೊಂಟಾಳಂತ" ಎಂದಳು.

"ಹೌದು, ಹೊಂಟಾಳ" ಎಂದರು ಬಾಯಿಯವರು. "ನಿಮ್ಮದು ರಜಿಸ್ಟರೋ, ಸಾದಾನೋ?"

ಹೊರಡುವ ದಿನ ನಾನು ಬ್ರಹ್ಮಪುರದ ಅವರ ಮನೆಗೆ ಹೋದೆ. ಅಣ್ಣನವರು ಪೌರೋಹಿತ್ಯ ಮಾಡುವವರು. ಆ ಮನೆಯಲ್ಲಿ ದೇವರ ನೈವೇದ್ಯದ ಅಡುಗೆ ಇಪ್ಪತ್ತು ವರ್ಷದಿಂದ ಬಾಯಿಯವರದೇ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅದನ್ನು ಮುಗಿಸಿಯೇ ಬಸ್ಸಿಗೆ ಬರುತ್ತಿದ್ದರು. ಅಣ್ಣನವರು ಜೋರು ಮಾಡುವ ಮನುಷ್ಯರಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಮೆಲ್ಲಗೆ ಹೇಳಿದರು.

"ಸಮುದ್ರ ದಾಟಿ ಬಂದ ಮ್ಯಾಲೆ ಪ್ರಾಯಶ್ಚಿತ್ತ ಮಾಡ್ಕೋಬೇಕಾಗ್ತದ ನೋಡವಾ. ಇಲ್ಲಂದ್ರ ದೇವರ ಅಡಿಗಿಗಿ ಬಿಡಲಿಕ್ಕ ಬರಂಗಿಲ್ಲ."

"ಯಾವ ತಪ್ಪಿಗಿ ಪ್ರಾಯಶ್ಚಿತ್ತ, ಅಣ್ಣಾ?"

"ತಪ್ಪಲ್ಲ. ರೀತಿ."

"ಈ ಕೈಲೆ ದಿನಾ ಸಮುದ್ರದಾಚೆ ಹೋಗೋ ಟಪಾಲಿಗಿ ಮುದ್ರಿ ಹೊಡೀತೀನಿ" ಎಂದು ಬಾಯಿಯವರು ಅಂಗೈ ತೋರಿಸಿ, ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿ, ಚೀಲ ಎತ್ತಿಕೊಂಡರು. ಅಣ್ಣನವರದು ಬರೀ ಮಾತಿನ ಎಚ್ಚರಿಕೆ ಎಂದೇ ನಾನು ತಿಳಿದಿದ್ದೆ. ಬಾಯಿಯವರಿಗೆ ಮಾತ್ರ ಅದರ ಬೆಲೆ ಅವತ್ತೇ ಪೂರ್ತಿ ಗೊತ್ತಿತ್ತು.

ಮದ್ರಾಸಿಗೆ ರೈಲು, ಅಲ್ಲಿಂದ ಹಡಗು. ಹಡಗಿನಲ್ಲಿ ಮೊದಲ ಎರಡು ದಿನ ಬಾಯಿಯವರು ತಲೆ ಎತ್ತಲಿಲ್ಲ. ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಬೇರೆಯವರ ಕೈಯ ಅಡುಗೆ ಅವರು ಉಣ್ಣುವುದಿಲ್ಲ. ಅವಲಕ್ಕಿಯ ಡಬ್ಬಿಯೂ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪೂ ಜೊತೆಗಿದ್ದವು. ನಾನು ಹಣ್ಣನ್ನು ಚೂರು ಚೂರು ಮಾಡಿ ಬಾಯಿಗಿಡುತ್ತಿದ್ದೆ, ಬಕೆಟ್ ಹಿಡಿಯುತ್ತಿದ್ದೆ, ಮುಖ ಒರೆಸುತ್ತಿದ್ದೆ. ಒಮ್ಮೆ ಕಣ್ಣು ಮುಚ್ಚಿಕೊಂಡೇ, "ಆರಿಸಿದಾಕಿ ನೀನು, ನೆನಪಿರಲಿ" ಎಂದರು. ಹೂಂ ಎಂದೆ.

ಪೋರ್ಟ್ ಬ್ಲೇರಿನಿಂದ ಇನ್ನೊಂದು ಸಣ್ಣ ದೋಣಿ, ಅರ್ಧ ದಿನ. ದೋಣಿ ನಿಲ್ಲುವ ಕಟ್ಟೆಯ ಮೇಲೆ, ಪತ್ರ ಬರೆದಿದ್ದ ಪೋಸ್ಟ್‌ಮಾಸ್ಟರು ಖಾಕಿ ಅಂಗಿ ಹಾಕಿಕೊಂಡು ನಿಂತಿದ್ದರು. ತೆಳ್ಳಗಿನ ವಯಸ್ಸಾದ ಮನುಷ್ಯ. ಬರೆದದ್ದು ನಿಜವಿತ್ತು. ಅಲ್ಲಿ ನೋಡಲು ಏನೂ ಇರಲಿಲ್ಲ. ತೆಂಗಿನ ಮರಗಳು, ತಗಡಿನ ಮಾಡಿನ ನಾಲ್ಕಾರು ಮನೆಗಳು, ಒಂದು ಶಾಲೆ, ಒಂದು ಅಂಚೆ ಕಚೇರಿ. ಆಮೇಲೆ ನೀರು.

ಮೂರು ದಿನ ಇದ್ದೆವು. ಬೆಳಿಗ್ಗೆ ಬಾಯಿಯವರು ಸ್ಟೋವಿನ ಮೇಲೆ ಅನ್ನ ಸಾರು ಮಾಡುವರು. ಊಟವಾದ ಮೇಲೆ ದಂಡೆಗೆ ಹೋಗಿ ಮೊಣಕಾಲುದ್ದ ನೀರಿನಲ್ಲಿ ನಿಲ್ಲುತ್ತಿದ್ದೆವು. ಸಮುದ್ರ ನೋಡಿದರೆ ನನ್ನೊಳಗೆ ಏನೋ ಒಡೆದು ಅಳು ಬಂದೀತೆಂದು ಅವರು ಎಣಿಸಿದ್ದರೋ ಏನೋ. ಎರಡನೆಯ ದಿನ ಕೇಳಿದರು.

"ಏನರ ಅನಸ್ತದೇನು?"

"ಇಲ್ರೀ."

"ಇರಲಿ. ನನಗೂ ಏನೂ ಅನಸವಲ್ದು" ಎಂದರು. ಬಗ್ಗಿ ನೀರಿನಲ್ಲಿ ಕೈಯಾಡಿಸಿ, "ನೀರು ಛಲೋ ಅದ" ಎಂದರು.

ಅದಕ್ಕಿಂತ ಹೆಚ್ಚಿನ ಸಮಾಧಾನವನ್ನು ಯಾರೂ ನನಗೆ ಹೇಳಿರಲಿಲ್ಲ. ದುಃಖಪಡು ಎಂದವರು, ಮರೆತುಬಿಡು ಎಂದವರು ಬಹಳ ಮಂದಿ ಇದ್ದರು. ಏನೂ ಅನಿಸದಿದ್ದರೆ ಇರಲಿ ಎಂದವರು ಅವರೊಬ್ಬರೇ. ಅವತ್ತು ಸಂಜೆ ನಾನು ಎರಡನೆಯ ಸಲ ಅನ್ನ ಕೇಳಿ ಹಾಕಿಸಿಕೊಂಡೆ. ಅವರು ನೋಡಿಯೂ ನೋಡದಂತೆ ಬಡಿಸಿದರು.

ತಿರುಗಿ ಬಂದ ಮೇಲೆ ಬಾಯಿಯವರು ಪ್ರಾಯಶ್ಚಿತ್ತಕ್ಕೆ ಒಪ್ಪಲಿಲ್ಲ. ಅಣ್ಣನವರು ರೀತಿ ಬಿಡಲಿಲ್ಲ. ಜಗಳವಾಗಲಿಲ್ಲ. ಮನೆಯಲ್ಲಿರು ಎಂದರಂತೆ, ಅಡುಗೆಮನೆಗೆ ಮಾತ್ರ ಬೇಡ. ಬಾಯಿಯವರು ಒಂದು ಟ್ರಂಕು ತೆಗೆದುಕೊಂಡು ಕಮಲಾಪುರಕ್ಕೆ ಬಂದು, ನನ್ನ ಮನೆಯ ಪಕ್ಕದ ಕೋಣೆ ಬಾಡಿಗೆಗೆ ಹಿಡಿದರು.

"ನನ್ನ ಸಲುವಾಗಿ ಹಿಂಗಾತಲ್ರೀ ಬಾಯಾರ" ಎಂದೆ.

"ನಿನ್ನ ಸಲುವಾಗಿ ಯಾಕ? ಮಾಡಿಲ್ಲದ ತಪ್ಪಿಗಿ ಮಾಡೀನಿ ಅಂತ ದೇವರ ಮುಂದ ಸುಳ್ಳು ಹ್ಯಾಂಗ ಹೇಳಲಿ?"

ಆಮೇಲೆ ಹತ್ತು ವರ್ಷ ನಾವು ಒಂದೇ ಗೋಡೆಯ ಈಚೆಗೆ ಆಚೆಗೆ ಇದ್ದೆವು. ವರ್ಷಕ್ಕೊಮ್ಮೆ, ರಾಯರ ಆರಾಧನೆಯ ಮರುದಿನ, ಅಣ್ಣನವರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪ್ರಸಾದದ ಪೊಟ್ಟಣ ಕಳಿಸುತ್ತಿದ್ದರು. ಬಾಯಿಯವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, ಅದರ ರುಚಿಯಲ್ಲಿ ಏನು ಕಮ್ಮಿಯಾಗಿದೆ ಎಂದು ನನಗೆ ಹೇಳುತ್ತಿದ್ದರು. ಮನೆಗೆ ಮಾತ್ರ ಹೋಗಲಿಲ್ಲ.

ಅವರು ನಿವೃತ್ತರಾದರು. ಅವರ ಕುರ್ಚಿಗೆ ಇನ್ನೊಬ್ಬರು ಬಂದರು. ನನಗೆ ಮುಂಚಿನಂತೆ ಸಂತೋಷ ತಿರುಗಿ ಬರಲಿಲ್ಲ, ತಿರುಗಿ ಬರುತ್ತದೆಂದು ಬಾಯಿಯವರೂ ಯಾವತ್ತೂ ಹೇಳಿರಲಿಲ್ಲ. ಆದರೆ ಸೀರೆ ಅಂಗಡಿಯಲ್ಲಿ, ಇದಲ್ಲ, ಆ ಹಸಿರು ತೋರಿಸಿ ಎನ್ನುವಷ್ಟಾದೆ. ಅಷ್ಟಕ್ಕೆ ನನ್ನನ್ನು ತಂದು ನಿಲ್ಲಿಸಲು ಅವರು ಇಪ್ಪತ್ತು ವರ್ಷದ ತಮ್ಮ ಒಲೆಯನ್ನು ಬಿಟ್ಟಿದ್ದರು. ಆ ಋಣವನ್ನು ಅವರ ಎದುರಿಗೆ ನಾನು ಮಾತಿನಲ್ಲಿ ಹೇಳಲೇ ಇಲ್ಲ.

ಒಂದು ಶ್ರಾವಣದ ಮಧ್ಯಾಹ್ನ, ಊಟವಾಗಿ ಮಲಗಿದವರು ಏಳಲಿಲ್ಲ. ನಾನೇ ಬ್ರಹ್ಮಪುರಕ್ಕೆ ಫೋನ್ ಮಾಡಿದೆ. ಅಣ್ಣನವರು ಬಂದು ಎಲ್ಲವನ್ನೂ ಕ್ರಮವಾಗಿ ಮಾಡಿದರು. ಹದಿಮೂರು ದಿನ ಕಳೆದ ಮೇಲೆ ಬಾಯಿಯವರ ಟ್ರಂಕನ್ನು ಕೊಟ್ಟುಬರಲು ಆ ಮನೆಗೆ ಹೋದೆ. ಅಣ್ಣನವರಿಗೆ ಆಗ ಎಂಬತ್ತರ ಹತ್ತಿರ. ಟ್ರಂಕು ತೆಗೆದು ನೋಡಲಿಲ್ಲ. ನನ್ನನ್ನು ಕೂಡಿಸಿಕೊಂಡು ಕೇಳಿದರು.

"ಸಮುದ್ರದ ನೀರು ಖರೇ ಉಪ್ಪು ಇರ್ತದೇನವಾ?"

"ಹೌದ್ರಿ."

"ಅಕಿ ಕುಡಿದು ನೋಡಿದಳೇನು?"

"ನೋಡಿದ್ರು. ಹೋದ ದಿವಸೇ. ಬೊಗಸಿ ತುಂಬ ತಗೊಂಡು ಬಾಯಾಗ ಹಾಕ್ಕೊಂಡು ಉಗುಳಿದ್ರು. ಆಮ್ಯಾಲೆ ದಂಡಿ ಮ್ಯಾಲೆ ಕುಂತು ಒಂದೇ ಸವನ ನಕ್ಕರು."

ಅಣ್ಣನವರು ಬಾಗಿಲ ಕಡೆ ನೋಡುತ್ತ ಕೂತರು.

"ಈ ಮನಿಯಾಗ ಅಕಿ ಹಂಗ ನಕ್ಕಿದ್ದು ನನಗ ನೆನಪಿಲ್ಲ" ಎಂದರು.