ಅಡುಗೆಯ ಸಾವಿತ್ರಮ್ಮ ಕೊಂದಳೇ?

ಹೋದ ಭಾನುವಾರ ತುಮಕೂರಿನ ಟಾಕೀಸಿನಲ್ಲಿ ಕೊಲೆಗಾರ ಯಾರೆಂದು ಇಂಟರ್‌ವಲ್‌ನಲ್ಲೇ ಹೇಳಿಬಿಟ್ಟೆ. ಲಾಯರು. ಅಕ್ಕಪಕ್ಕದವರು ಬೈದರು. ಬೈಯಲಿ. ಸಿನಿಮಾಕ್ಕೆ ತೆಗೆದುಕೊಂಡ ಆ ಕಾದಂಬರಿ ನನಗೆ ಬಾಯಿಪಾಠ.

ನಾನು ಓದಿದ್ದಲ್ಲ. (ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಈ ಅಂಕಣವನ್ನೂ ನಾನು ಹೇಳುತ್ತೇನೆ, ಸೊಸೆ ಬರೆಯುತ್ತಾಳೆ.) ಗುಬ್ಬಿಯ ಮನೆಯಲ್ಲಿ ಬೇಸಗೆ ಮಧ್ಯಾಹ್ನ ನಾನು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರೆ ನಮ್ಮ ಯಜಮಾನರು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಎಲ್ಲ ಪತ್ತೇದಾರಿ ಕಾದಂಬರಿಗಳೇ. ಅದು ಬಿಟ್ಟರೆ ನನ್ನ ಹತ್ತಿರ ಅವರ ಮಾತು ‘ಉಪ್ಪು ಕಮ್ಮಿ’, ‘ನೀರು ಕೊಡು’, ಅಷ್ಟೇ.

ಸಿನಿಮಾದ ಕೊನೆಗೆ ಅಡುಗೆಯ ಸಾವಿತ್ರಮ್ಮನ ಕೈಗೆ ಬೇಡಿ ಬಿತ್ತು. ನಾನು ಎದ್ದು ನಿಂತೆ. “ಸುಳ್ಳು. ಅವಳಲ್ಲ.”

ಹಿಂದಿನ ಸೀಟಿನವನು ಹೇಳಿದ: “ಕೂತ್ಕಳವ್ವ. ಕೊಂದವ್ಳೇ ಒಪ್ಕೊಂಡವ್ಳೆ, ನಿಂದೇನು?”

ಬಸ್ಸಿನಲ್ಲಿ ಗುಬ್ಬಿವರೆಗೂ ಸಿನಿಮಾದವರನ್ನು ಬೈದೆ. ಬಡವಿ ಸಿಕ್ಕಳೆಂದು ಅವಳ ತಲೆಗೇ ಕಟ್ಟುವುದೇ? ಜೊತೆಗಿದ್ದ ಸೊಸೆಗೆ ಸಾಕಾಯಿತು. ಮನೆಗೆ ಬಂದವಳೇ ಅಟ್ಟದ ಟ್ರಂಕಿನಿಂದ ಆ ಪುಸ್ತಕ ತೆಗೆದು ಕೊನೆಯ ಅಧ್ಯಾಯ ಓದಿದಳು.

“ಅತ್ತೆ, ಸಿನಿಮಾದವ್ರು ಸರಿಯಾಗೇ ತೆಗ್ದವ್ರೆ. ಪುಸ್ತಕದಲ್ಲೂ ಅವ್ಳೇ.”

“ಸರಿಯಾಗಿ ನೋಡೇ. ಲಾಯರು ರಕ್ತದ ಅಂಗಿ ಒಗೆಯೋಕೆ ಕುಣಿಗಲ್ ಕೆರೆಗೆ ಹೋಗಿ ಸಿಕ್ಕಾಕ್ಕೊಳಲ್ವಾ?”

“ಕುಣಿಗಲ್ ಹೆಸ್ರೇ ಇಲ್ಲ ಅತ್ತೆ ಇದ್ರಲ್ಲಿ. ಮೈಸೂರಲ್ಲಿ ನಡ್ಯೋ ಕತೆ.”

ಕುಣಿಗಲ್ ನಮ್ಮ ಯಜಮಾನರ ಹುಟ್ಟೂರು.

ನನ್ನಮ್ಮ ಊರವರ ಮನೆಗಳಲ್ಲಿ ಅಡುಗೆ ಮಾಡಿ ನನ್ನನ್ನು ಸಾಕಿದವಳು. ಅದಕ್ಕೇ ಇರಬೇಕು, ಯಜಮಾನರು ಆ ಪುಸ್ತಕ ತೆರೆದಾಗಲೆಲ್ಲ “ಸಾವಿತ್ರಮ್ಮಂಗೆ ಏನೂ ಆಗಲ್ಲ ತಾನೇ?” ಎಂದು ಕೇಳುತ್ತಿದ್ದೆ. “ಸುಮ್ನೆ ಕೇಳು” ಎಂದು ಗದರುತ್ತಿದ್ದರು. ಕಾದಂಬರಿ ಮುಗಿಯುವ ದಿನ ಓದುತ್ತಾ ಓದುತ್ತಾ ನಿಲ್ಲಿಸಿ ನೀರು ಕೇಳಿದ್ದರು. ನಾನು ಚೊಂಬು ತರುವಷ್ಟರಲ್ಲಿ ಲಾಯರು ಕೊಲೆಗಾರನಾಗಿದ್ದ.

‘ಊಟ ಆಯ್ತಾ’ ಎಂದು ಒಂದು ಸಲವೂ ಕೇಳದ ಮನುಷ್ಯ. ನನಗಾಗಿ ಒಂದು ಕೊಲೆಯನ್ನೇ ಬೇರೆಯವರ ಮೇಲೆ ಹಾಕಿದ್ದರು. ಬದುಕಿದ್ದಾಗ ಗೊತ್ತಾಗಿದ್ದರೆ ಚೆನ್ನಾಗಿ ಉಗಿಯುತ್ತಿದ್ದೆ. (ಆಮೇಲೆ ಒಂದು ಲೋಟ ಕಾಫಿಯನ್ನೂ ಕೊಡುತ್ತಿದ್ದೆನೋ ಏನೋ.)

“ಟ್ರಂಕಲ್ಲಿ ಇನ್ನೂ ತುಂಬಾ ಇದಾವೆ. ಓದಿ ಹೇಳ್ಲಾ ಅತ್ತೆ?” ಎಂದಳು ಸೊಸೆ.

“ಬೇಡ ಬುಡು,” ಎಂದೆ.

ಸಿನಿಮಾ ಪುಸ್ತಕದಂತೆಯೇ ಇದೆ ಎಂದು ಊರೆಲ್ಲ ಹೊಗಳುತ್ತಿದೆ. ಹೊಗಳಲಿ. ಲಾಯರೇ ಕೊಂದಿದ್ದು ಎಂದು ಗೊತ್ತಿರುವವಳು ಈಗ ಭೂಮಿಯ ಮೇಲೆ ನಾನೊಬ್ಬಳೇ, ಯಾರ ಹತ್ತಿರ ಜಗಳವಾಡಲಿ?